ಲೆನ್ಸಿಗೆ ಹತ್ತಿದ ಸುಣ್ಣ

ನಮ್ಮ ಮನೆಯಲ್ಲಿ ಯಾರಿಗೂ ಬರೀ ವೀಳ್ಯದೆಲೆ ಕೊಡುತ್ತಿರಲಿಲ್ಲ. ಎಲೆಯನ್ನು ಒರೆಸಿ, ಬೆನ್ನಿನ ನಾರನ್ನು ಉಗುರಿನಿಂದ ಎಳೆದು, ಬೆರಳ ತುದಿಯ ಸುಣ್ಣವನ್ನು ತೆಳ್ಳಗೆ ಸವರಿ ಆಮೇಲೆ ಕೈಗೆ ಕೊಡಬೇಕು. ತಿನ್ನುವುದು ಬಿಡುವುದು ಅವರಿಷ್ಟ. ಬರೀ ಎಲೆ ಕೊಡುವುದೆಂದರೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ ಹಾಗೆ ಎಂದು ಅಜ್ಜಿ ತಿಳಿದಿದ್ದಳು. ಅಜ್ಜಿ ತಿಳಿದದ್ದನ್ನು ಬದಲಾಯಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈ ಮರ್ಯಾದೆಯ ದೆಸೆಯಿಂದ, ಪ್ಲಸ್ ಟೂ ಓದುತ್ತಿದ್ದಾಗ, ನಾನು ನನ್ನ ಟೀಚರ ಮೈಕ್ರೋಸ್ಕೋಪಿನ ಲೆನ್ಸು ಕೆಡಿಸಿದೆ. ತಪ್ಪನ್ನು ಅಜ್ಜಿಯ ತಲೆಗೆ ಕಟ್ಟುತ್ತಿಲ್ಲ. ಅವಳು ಸುಣ್ಣ ಸವರಿದ್ದು ಎಲೆಗೆ. ಲೆನ್ಸಿಗೆ ಸವರಿದವಳು ನಾನೇ.

ನಮ್ಮದು ತಮಿಳುನಾಡಿನ ಕಂಬಂ ಕಣಿವೆಯ ಎಲೆತೋಟದ ಮನೆ. ತೇನಿಯಿಂದ ಗೂಡಲೂರಿಗೆ ಹೋಗುವ ಬಸ್ಸುಗಳೆಲ್ಲ ನಮ್ಮೂರಲ್ಲಿ ನಿಲ್ಲುತ್ತವೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಕನ್ನಡ ಹೇಗಿತ್ತೆಂದರೆ, ಅರ್ಧ ತಮಿಳೇ ಅದರೊಳಗೆ ಬಂದು ಕೂತಿತ್ತು. ಅದಕ್ಕೊಂದು ಲಿಪಿ ಇದೆ ಎಂಬುದೇ ನನಗೆ ಆಗ ಗೊತ್ತಿರಲಿಲ್ಲ; ಈ ಬರಹದ ಕನ್ನಡವನ್ನು ದೊಡ್ಡವಳಾದ ಮೇಲೆ ಕಲಿತೆ. ಹಾಗಾಗಿ ಟೀಚರು ತಮಿಳಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಟೀಚರು ಡಿಂಡಿಗಲ್ಲಿನವರು. ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು. ವಾರವಿಡೀ ನಮ್ಮೂರಿನ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶುಕ್ರವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದರು. ಶಾಲೆಯಲ್ಲಿ ಒಂದು ಮೈಕ್ರೋಸ್ಕೋಪು ಇತ್ತು, ಹೆಸರಿಗೆ. ಅದರ ಕನ್ನಡಿ ಎಂದೋ ಮಾಯವಾಗಿತ್ತು, ತಿರುಪು ತಿರುಗುತ್ತಿರಲಿಲ್ಲ. ಹಾಗಾಗಿ ಟೀಚರು ತಾವು ಕಾಲೇಜಿನಲ್ಲಿ ಓದುವಾಗ ಅವರಪ್ಪ ಕೊಡಿಸಿದ್ದ ಮೈಕ್ರೋಸ್ಕೋಪನ್ನೇ ಮರದ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ಬೀಗಕ್ಕೆ ಹೆಸರಾದ ಊರು ಡಿಂಡಿಗಲ್ಲು; ಅಪ್ಪ ಅಲ್ಲಿನ ಬೀಗದ ಪಟ್ಟರೆಯಲ್ಲಿ, ಅಂದರೆ ಕಾರ್ಖಾನೆಯಲ್ಲಿ, ಕೆಲಸ ಮಾಡಿದವರಂತೆ. ಪೆಟ್ಟಿಗೆಗೆ ಹಾಕಿದ್ದ ಪುಟ್ಟ ಹಿತ್ತಾಳೆ ಬೀಗ ಅವರೇ ಕೈಯಾರೆ ಮಾಡಿದ್ದು. ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ಬೀಗದ ಕೈ ಟೀಚರ ಕೊರಳ ಸರದಲ್ಲಿ ತೂಗುತ್ತಿತ್ತು. ಅದನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾವು ಕಂಡಿರಲಿಲ್ಲ.

ನಾವು ಇಪ್ಪತ್ತೆರಡು ಹುಡುಗಿಯರು, ಒಂದು ಮೈಕ್ರೋಸ್ಕೋಪು. ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಎಲೆಯ ಸಿಪ್ಪೆಯನ್ನು ತೆಳ್ಳಗೆ ಸುಲಿದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು, ಅದರ ಜೀವಕೋಶಗಳನ್ನು ತೋರಿಸಬೇಕು. ಕೇಳುವುದಕ್ಕೆ ಸಲೀಸು. ನಮ್ಮ ಮನೆಗಳಲ್ಲಿ ಇದ್ದದ್ದು ಸಣ್ಣ ಈರುಳ್ಳಿ. ಅದರ ಸಿಪ್ಪೆ ಕೈಯಲ್ಲೇ ಹರಿಯುತ್ತಿತ್ತು. ದಾಸವಾಳದ ಎಲೆ ಸುಲಿದರೆ ಚೂರು ಚೂರು. ನನ್ನದಂತೂ ಯಾವಾಗಲೂ ಕಂಬಳಿಯಷ್ಟು ದಪ್ಪ. ಬೆಳಕು ದಾಟದೆ, ಇಣುಕಿದರೆ ಬರೀ ಕಪ್ಪು.

"ಇದನ್ನು ಹೊದ್ದುಕೊಂಡು ಮಲಗಬಹುದು" ಎಂದು ಟೀಚರು ಎಲ್ಲರೆದುರು ಅಂದರು. ಹುಡುಗಿಯರು ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮನೆಗೆ ಹೋಗಿ ಪುಸ್ತಕದ ಚೀಲ ಬಿಸಾಡಿದೆ.

ಅಜ್ಜಿ ಜಗಲಿಯಲ್ಲಿ ಎಲೆ ಮಡಿಸುತ್ತಿದ್ದಳು. "ಏನ್ ಮೊಗಾ, ಪಳ್ಳಿಕೂಡದೋರ ಸಿಟ್ಟೆಲ್ಲ ಚೀಲದ ಮ್ಯಾಲಾ?" ಎಂದಳು. ಪಳ್ಳಿಕೂಡವೆಂದರೆ ನಮ್ಮ ಮಾತಿನಲ್ಲಿ ಶಾಲೆ.

ಹೇಳಿದೆ. ಎಲೆಯ ಮೇಲೊಂದು ಪೊರೆ ಇರುತ್ತದೆ, ಅದನ್ನು ಹರಿಯದಂತೆ ಸುಲಿಯಬೇಕು, ನನಗೆ ಬರುವುದಿಲ್ಲ ಎಂದೆ. ಅಜ್ಜಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಅಯ್ಯೋ ಹುಚ್ಚಿ! ಇದ ಕಲಿಯಾಕ ಪಳ್ಳಿಕೂಡಕ್ಕೆ ಓಗ್ತೀಯಾ?"

ಮಡಿಲಿನಿಂದ ಒಂದು ಎಲೆ ತೆಗೆದಳು. ಬೆನ್ನು ಮೇಲೆ ಮಾಡಿ, ನಾರಿನ ಬುಡವನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಎತ್ತಿ, ಎಳೆಯುವ ಬದಲು ಪಕ್ಕಕ್ಕೆ ಮಲಗಿಸಿದ ಹಾಗೆ ಒಯ್ದಳು. ನಾರಿನ ಜೊತೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ಬಂತು. ಬೆಳಕಿಗೆ ಹಿಡಿದರೆ ಅದರಾಚೆ ಅಜ್ಜಿಯ ಬೆರಳಿನ ಗೆರೆಗಳೆಲ್ಲ ಕಂಡವು. ದಿನಾ ನೂರು ಸಲ ನನ್ನ ಕಣ್ಣೆದುರೇ ನಡೆಯುತ್ತಿದ್ದ ಕೆಲಸ ಅದು!

ಆ ಸಂಜೆ ಮೂವತ್ತು ಎಲೆ ಹಾಳುಮಾಡಿ ಕಲಿತೆ. "ಎಳೀಬ್ಯಾಡ, ಒರಗಿಸು. ಅದಕ್ಕೆ ನೋವಾಗಬಾರ್ದು, ಅಂಗೆ" ಎಂದು ಅಜ್ಜಿ ಹೇಳುತ್ತಲೇ ಇದ್ದಳು. ಯಾವ ಪ್ರಾಕ್ಟಿಕಲ್ ಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಬರೆದಿಲ್ಲ, ಸತ್ಯವಾಗಿ ಹೇಳುತ್ತೇನೆ.

ಮರುದಿನ ಶುಕ್ರವಾರ. ಬೆಳಿಗ್ಗೆ ಅಜ್ಜಿ ತೋಟದ ಎಳೆಯ ಎಲೆಯೊಂದನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಶಾಲೆಯಲ್ಲಿ ಬಿಚ್ಚಿದರೆ, ಎಲೆಯ ಬೆನ್ನಿಗೆ ಬೆಳ್ಳಗೆ ಸುಣ್ಣ ಸವರಿತ್ತು! ಎಲೆ ಪಳ್ಳಿಕೂಡಕ್ಕೆ, ಅದೂ ಟೀಚರಮ್ಮನ ಎದುರಿಗೆ ಹೋಗುತ್ತದೆ ಎಂದ ಮೇಲೆ ಬರಿದಾಗಿ ಕಳಿಸುವುದು ಹೇಗೆ? ಅಜ್ಜಿಯ ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು.

ಬೇರೆ ಎಲೆ ತರಬಹುದಿತ್ತು. ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯಲ್ಲೇ ಸಿಗುತ್ತಿತ್ತು. ಆದರೆ ನನಗೆ ಎಲ್ಲಿಲ್ಲದ ಆತುರ. ದಾವಣಿಯ ಅಂಚಿನಿಂದ ಸುಣ್ಣವನ್ನು ತಿಕ್ಕಿ ಒರೆಸಿದೆ. ಸಾಕು ಎನ್ನಿಸಿತು. ಅಜ್ಜಿ ಕಲಿಸಿದ ಹಾಗೆ ಸುಲಿದೆ, ಬಣ್ಣದ ನೀರಿನಲ್ಲಿ ಅದ್ದಿದೆ, ಗಾಜಿನ ಮೇಲಿಟ್ಟು ಒಂದು ತೊಟ್ಟು ಗ್ಲಿಸರಿನ್ ಬಿಟ್ಟು, ತೆಳುಗಾಜು ಮುಚ್ಚಿದೆ. ಬೇಕೆಂದೇ ಸಾಲಿನ ಕೊನೆಯಲ್ಲಿ ನಿಂತೆ. ಹಿಂದೆ ಯಾರೂ ತಳ್ಳುವವರಿಲ್ಲದೆ ತೃಪ್ತಿಯಾಗಿ ನೋಡಬೇಕೆಂಬ ಆಸೆ.

ನನ್ನ ಸರದಿ ಬರುವ ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಟೀಚರನ್ನು ಕರೆಸಿಕೊಂಡಿದ್ದರು. ನೋಡಿದವರೆಲ್ಲ ತರಗತಿಗೆ ಹೋಗಿದ್ದರು. ನಾನೊಬ್ಬಳೇ. ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿ ಕಣ್ಣಿಟ್ಟೆ.

ಏನು ಹೇಳಲಿ! ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದ ಎಲೆ ಅದು. ಅದರೊಳಗೆ ಗೋಡೆಗೆ ಗೋಡೆ ಹೊಂದಿಸಿ ಕಟ್ಟಿದ ಕೋಣೆಗಳಿದ್ದವು. ನಡುನಡುವೆ, ಎರಡು ತುಟಿ ಸೇರಿಸಿದ ಹಾಗೆ, ಪುಟ್ಟ ಪುಟ್ಟ ಬಾಯಿಗಳು. ಎಲೆ ಉಸಿರಾಡುವ ರಂಧ್ರಗಳು. ಪುಸ್ತಕದ ಚಿತ್ರದಲ್ಲಿ ಒಂದೇ ಒಂದಿತ್ತು, ಇಲ್ಲಿ ಹತ್ತಾರು. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಆ ತುಟಿಗಳೊಳಗಿನ ಹಸಿರು ಕಾಳುಗಳನ್ನು ನೋಡಬೇಕಿದ್ದರೆ ದೊಡ್ಡ ಲೆನ್ಸು ಬೇಕು. ಅದನ್ನು ಟೀಚರು ಮಾತ್ರ ತಿರುಗಿಸಬೇಕು ಎಂಬ ಕಟ್ಟಪ್ಪಣೆ ಇತ್ತು.

ನಾನು ತಿರುಗಿಸಿದೆ. ಎಲ್ಲ ಮಂಜು ಮಂಜಾಯಿತು. ದೊಡ್ಡ ತಿರುಪನ್ನು ಇಳಿಸಿದೆ, ಇನ್ನೂ ಇಳಿಸಿದೆ. ಟಕ್ ಎಂದಿತು.

ತೆಳುಗಾಜು ಒಡೆದಿತ್ತು. ಲೆನ್ಸಿನ ತುದಿ ಆ ಅಂಟು ದ್ರವದಲ್ಲಿ ಮುಳುಗಿತ್ತು. ಲೆನ್ಸು ಮೇಲೆತ್ತಿ, ಕೈಗೆ ಸಿಕ್ಕಿದ ದಾವಣಿಯ ಅಂಚಿನಿಂದಲೇ ಒರೆಸಿದೆ. ಯಾವ ಅಂಚು? ಎಲೆಯ ಸುಣ್ಣ ಒರೆಸಿದ ಅದೇ ಅಂಚು. ಆಗ ಅದೆಲ್ಲ ಹೊಳೆಯಲಿಲ್ಲ. ಗಾಜಿನ ಚೂರನ್ನು ಕಾಗದದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಟೀಚರು ಬಂದು, "ನೋಡಿದೆಯಾ?" ಎಂದರು. "ನೋಡಿದೆ ಟೀಚರ್" ಎಂದೆ. ಬಸ್ಸಿಗೆ ಹೊತ್ತಾಗಿತ್ತು, ಅವರು ಮೈಕ್ರೋಸ್ಕೋಪನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೊರಟರು.

ಸೋಮವಾರ ಪೆಟ್ಟಿಗೆ ತೆಗೆದಾಗ ದೊಡ್ಡ ಲೆನ್ಸಿಗೆ ಹೂ ಬಿದ್ದ ಕಣ್ಣಿನ ಹಾಗೆ ಬಿಳಿಯ ಪೊರೆ ಕಟ್ಟಿತ್ತು. ಟೀಚರು ಒಣ ಬಟ್ಟೆಯಲ್ಲಿ ಒರೆಸಿದರು, ಹೋಗಲಿಲ್ಲ. ಸ್ಪಿರಿಟ್ ಹಾಕಿದರು, ಹೋಗಲಿಲ್ಲ. ಕಿಟಕಿಗೆ ಹಿಡಿದು ನೋಡಿದರು, ಮತ್ತೆ ನೋಡಿದರು.

"ಯಾರಿಗಾದರೂ ಗೊತ್ತಾ?" ಎಂದು ಕೇಳಿದರು. ಬೈಯಲಿಲ್ಲ, ಗದರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನಾನೂ ಸಿಟ್ಟಾಗಿ ಏನಾದರೂ ಬಾಯಿಬಿಡುತ್ತಿದ್ದೆನೇನೋ.

ಇಪ್ಪತ್ತೆರಡು ಜನ ಸುಮ್ಮನಿದ್ದೆವು. ಇಪ್ಪತ್ತೊಂದು ಜನಕ್ಕೆ ನಿಜವಾಗಿಯೂ ಗೊತ್ತಿರಲಿಲ್ಲ.

"ಮದುರೆಗೆ ಕಳಿಸಬೇಕು. ಪರೀಕ್ಷೆಯೊಳಗೆ ಬರುತ್ತೋ ಇಲ್ಲವೋ" ಎಂದರು. ಬರದಿದ್ದರೆ ನಮ್ಮೆಲ್ಲರ ಅಂಕಗಳೂ ಹೋದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಅದು ಅವರಪ್ಪ ಕೊಡಿಸಿದ್ದು. ಮಧ್ಯಾಹ್ನದ ಬುತ್ತಿಯನ್ನು ನಾನು ಮುಟ್ಟಲಿಲ್ಲ. ಮುಚ್ಚಳ ಮುಚ್ಚಿ ಹಾಗೇ ತಂದೆ.

ಅಜ್ಜಿ ಬುತ್ತಿಯ ಡಬ್ಬಿ ತೆಗೆದು ನೋಡಿ, "ಏನಾಯ್ತು?" ಎಂದಳು. ಅಷ್ಟೇ ಸಾಕಾಯಿತು. ಅತ್ತುಕೊಂಡೇ ಎಲ್ಲ ಹೇಳಿದೆ. ಎಲೆಗೆ ಸುಣ್ಣ ಯಾಕೆ ಹಚ್ಚಿದೆ ಎಂದು ಅವಳ ಮೇಲೂ ಹಾರಾಡಿದೆ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಅಜ್ಜಿ ನನ್ನ ಕೂಗಾಟ ಮುಗಿಯಲಿ ಎಂದು ಕಾದಳು. ಆಮೇಲೆ ಸೊಂಟದಿಂದ ತನ್ನ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು ತೋರಿಸಿದಳು.

"ನೋಡು, ಇದರ ಬಾಯಿಗೂ ಸುಣ್ಣ ಒಣಗಿ ಕಲ್ಲಾಯ್ತದೆ. ತಿಕ್ಕಿದ್ರೆ ಓಗಲ್ಲ, ನೀರಾಕಿದ್ರೆ ಓಗಲ್ಲ. ನಿಂಬೆಹಣ್ಣು ಹಿಂಡಿದ್ರೆ ಸೊರ್ರ್ ಅಂತ ಕರಗ್ತದೆ. ನಿಮ್ಮ ಟೀಚರಮ್ಮಂಗೆ ಅದು ಸುಣ್ಣ ಅಂತ ಗೊತ್ತಾ?"

"ಇಲ್ಲ."

"ಮತ್ತೆ? ಸುಣ್ಣ ಅಂತ ಗೊತ್ತಿಲ್ದೆ ಅವರು ಏನ್ ಮಾಡ್ತಾರೆ ಪಾಪ?"

ನಾನು ಕಣ್ಣೊರೆಸಿಕೊಂಡೆ. ಅಜ್ಜಿ ಹೇಳಿದಳು: "ನಾಳೆ ನಾನೂ ಬತ್ತೀನಿ. ನಿಂಬೆಹಣ್ಣು ನಾನು ತತ್ತೀನಿ. ಮಾತು ನೀನು ತರಬೇಕು."

ಮಂಗಳವಾರ ಬೆಳಿಗ್ಗೆ, ಗಂಟೆ ಹೊಡೆಯುವ ಮುಂಚೆ, ಅಜ್ಜಿ ಹಸಿರು ಸುಂಗುಡಿ ಸೀರೆ ಉಟ್ಟು ನನ್ನ ಜೊತೆ ಪ್ರಯೋಗಶಾಲೆಯ ಬಾಗಿಲಿಗೆ ಬಂದಳು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಳು. ಎಲೆತೋಟದೊಳಗೆ ಹೋಗುವಾಗ ನಾವು ಬಿಡುವ ಹಾಗೆ. ನಮ್ಮ ಕಡೆ ದೊಡ್ಡವರನ್ನು ನೋಡಲು ಹೋಗುವಾಗ ನಿಂಬೆಹಣ್ಣು ಕೊಡುವುದು ವಾಡಿಕೆ. ಟೀಚರು ಅಜ್ಜಿಯ ಅಂಗೈಯ ಹಣ್ಣನ್ನು ನೋಡಿ, ತಮ್ಮ ಮರ್ಯಾದೆಗೆ ತಂದದ್ದೆಂದುಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಬನ್ನಿ ಪಾಟಿ, ಕೂತುಕೊಳ್ಳಿ. ಏನು ಸಮಾಚಾರ?" ಎಂದರು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ.

ಅಜ್ಜಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಊರಲ್ಲೆಲ್ಲ ಬಾಯಾಳಿ ಎಂದು ಹೆಸರಾದ ಮುದುಕಿ ಅವತ್ತು ತುಟಿ ಬಿಗಿದು ನಿಂತುಬಿಟ್ಟಳು. ನನ್ನ ಪರವಾಗಿ ಒಂದೇ ಒಂದು ಅಕ್ಷರ ಆಡಲಿಲ್ಲ. ಎಷ್ಟು ಸಿಟ್ಟು ಬಂತೆಂದರೆ, ಆ ಸಿಟ್ಟಿನಲ್ಲೇ ಮಾತು ಹೊರಬಿತ್ತು.

"ಲೆನ್ಸು ಕೆಡಿಸಿದ್ದು ನಾನು ಟೀಚರ್. ತೆಳುಗಾಜು ಒಡೆದದ್ದೂ ನಾನು. ಅದು ಎಲೆಯ ಸುಣ್ಣ."

ಒಮ್ಮೆ ಶುರುವಾದ ಮೇಲೆ ಎಲ್ಲ ಬಂತು: ದೊಡ್ಡ ಲೆನ್ಸು ತಿರುಗಿಸಿದ್ದು, ದಾವಣಿಯಲ್ಲಿ ಒರೆಸಿದ್ದು, ಸೋಮವಾರ ಸುಮ್ಮನಿದ್ದದ್ದು. ಟೀಚರು ಕೇಳುತ್ತಲೇ ಹೋದರು. ಕೊನೆಗೆ ಅಂದರು: "ಶುಕ್ರವಾರ ನಿನ್ನ ದಾವಣಿಯ ಅಂಚು ಬೆಳ್ಳಗಿತ್ತು. ಕೊನೆಗೆ ನೋಡಿದವಳೂ ನೀನೇ. ನೀನೇ ಇರಬೇಕು ಅಂತ ನಿನ್ನೆಯೇ ಅನ್ನಿಸಿತ್ತು. ಆದರೆ ಏನು ಮೆತ್ತಿದೆ ಅಂತ ಗೊತ್ತಾಗಲಿಲ್ಲ."

"ಮತ್ತೆ ಯಾಕೆ ಟೀಚರ್ ಕೇಳಲಿಲ್ಲ?"

"ಕೇಳಿದೆನಲ್ಲಮ್ಮ. ಎಲ್ಲರ ಮುಂದೆ ನಿನ್ನ ಹೆಸರು ಹಿಡಿದು ಕೇಳಲಿಲ್ಲ, ಅಷ್ಟೇ. ಬರುತ್ತೀಯೇನೋ ಅಂತ ಸಂಜೆ ಐದರ ತನಕ ಇಲ್ಲೇ ಕೂತಿದ್ದೆ."

ನಾನು ಗೇಟು ದಾಟಿ ಓಡಿಹೋಗಿದ್ದ ಹೊತ್ತಿನಲ್ಲಿ, ಆ ಖಾಲಿ ಕೋಣೆಯಲ್ಲಿ ಅವರು ನನಗಾಗಿ ಕಾದಿದ್ದರು.

ಆಗ ಅಜ್ಜಿ ಬಾಯಿಬಿಟ್ಟಳು. ನಿಂಬೆಹಣ್ಣು ಮರ್ಯಾದೆಗಲ್ಲ, ಲೆನ್ಸಿಗೆ ಎಂದು ತಮಿಳಿನಲ್ಲಿ ವಿವರಿಸಿದಳು. ಟೀಚರು ಬೆಚ್ಚಿದರು. ಹುಳಿ ಬಿದ್ದು ಲೆನ್ಸೇ ಹೋದರೆ? ಅಜ್ಜಿ ಸುಣ್ಣದ ಡಬ್ಬಿ ತೆಗೆದು ಅದರ ಅಂಚಿನಲ್ಲಿ ಕಲ್ಲಾಗಿದ್ದ ಸುಣ್ಣದ ಮೇಲೆ ರಸ ಹಿಂಡಿ ತೋರಿಸಿದಳು. ಸಣ್ಣ ಗುಳ್ಳೆಗಳೆದ್ದು ಸುಣ್ಣ ಕರಗಿತು. ಟೀಚರಿಗೆ ಅಷ್ಟು ಸಾಲಲಿಲ್ಲ. ಗಾಜಿನ ತುಂಡಿಗೆ ಸುಣ್ಣ ಹಚ್ಚಿ ಸಂಜೆಯವರೆಗೂ ಒಣಗಿಸಿದರು. ರಸವನ್ನು ಬಟ್ಟೆಯಲ್ಲಿ ಸೋಸಿ ನೀರು ಬೆರೆಸಿ ಆ ಗಾಜನ್ನು ತೊಳೆದರು. ಗಾಜಿಗೆ ಒಂದು ಗೀರೂ ಬೀಳಲಿಲ್ಲ. ಅಲ್ಲಿಯವರೆಗೂ ಅಜ್ಜಿ ಮನೆಗೆ ಹೋಗದೆ ಬೇವಿನ ಮರದ ಕೆಳಗೆ ಕೂತಿದ್ದಳು.

ಕೊನೆಗೆ ಟೀಚರು ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ರಸದಲ್ಲಿ ಅದ್ದಿ, ಹಿಂಡಿ, ಲೆನ್ಸಿಗೆ ಮುಟ್ಟಿಸಲು ಹೋದರು. ಒಮ್ಮೆ ಹಿಂದೆ ಸರಿದರು. "ಪಾಟಿ, ನೀವೇ ಮಾಡಿ" ಎಂದು ಹತ್ತಿಕಡ್ಡಿಯನ್ನು ಅಜ್ಜಿಗೆ ಕೊಟ್ಟರು.

ಅಜ್ಜಿ ತಿಕ್ಕಲಿಲ್ಲ. ನಾರು ಬಿಡಿಸುವ ಹಾಗೆ, ಒರಗಿಸಿ ಒರಗಿಸಿ ಸವರಿದಳು. ಟೀಚರು ಶುದ್ಧ ನೀರಿನ ಹತ್ತಿಯಿಂದ ಹುಳಿಯನ್ನು ತೆಗೆದರು. ಮತ್ತೆ ಅಜ್ಜಿ, ಮತ್ತೆ ಟೀಚರು. ನಾನು ಗೋಡೆಗೆ ಒರಗಿ ದೇವರಿಗೆಲ್ಲ ಹರಕೆ ಹೊತ್ತೆ. ಆಮೇಲೆ ಟೀಚರು ಲೆನ್ಸನ್ನು ಕಿಟಕಿಗೆ ಹಿಡಿದರು. ಹೊಳೆಯಿತು. ಒಂದು ಅಂಚಿನಲ್ಲಿ ಮಾತ್ರ ಉಗುರಿನ ತುದಿಯಷ್ಟು ಮಬ್ಬು ಉಳಿಯಿತು. ಅದು ಹೋಗಲಿಲ್ಲ, ಎಂದೂ ಹೋಗಲಿಲ್ಲ.

ಟೀಚರು ನನಗೆ ಹೊಸ ಎಲೆಯ ಸಿಪ್ಪೆ ಸುಲಿಯಲು ಹೇಳಿದರು. ಈ ಸಲ ಎಲೆಗೆ ಸುಣ್ಣವಿರಲಿಲ್ಲ. ದೊಡ್ಡ ಲೆನ್ಸನ್ನು ಅವರೇ ತಿರುಗಿಸಿ, ಮೊದಲು ಅಜ್ಜಿಯನ್ನು ಕರೆದರು. ಅಜ್ಜಿ ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ಇಣುಕಿದಳು.

"ಮೊಗಾ, ಎಲೆಗೆ ಇಷ್ಟೊಂದು ಬಾಯಾ!" ಎಂದಳು ಕೊನೆಗೆ. "ಐವತ್ತು ವರ್ಸ ಕಿತ್ತೆ, ನಾರೆಳೆದೆ, ಸುಣ್ಣ ಬಳಿದೆ. ಪಾಪದ್ದು, ಒಂದು ಮಾತು ಆಡಲಿಲ್ಲ. ಅದಕ್ಕೆ ಮಾತು ಬರಾಕಿಲ್ಲ, ಬಿಡು. ನಿನಗೇನಾಗಿತ್ತೇ? ಇರಾದೊಂದು ಬಾಯಿ, ಅದಕ್ಕೂ ಡಿಂಡಿಗಲ್ ಬೀಗ!"

ಟೀಚರಿಗೆ ನಮ್ಮ ಕನ್ನಡ ಬಾರದು. ಆದರೂ ಅಜ್ಜಿ ತುಟಿಗೆ ಬೀಗ ಹಾಕಿದ ಹಾಗೆ ಮಾಡಿದ ಅಭಿನಯ ನೋಡಿ ನಕ್ಕುಬಿಟ್ಟರು. ನಾನು ನಗುತ್ತಾ ಅತ್ತೆ.

ಪರೀಕ್ಷೆಯವರೆಗೆ ಉಳಿದ ದಿನಗಳಲ್ಲಿ ಇಪ್ಪತ್ತೊಂದು ಹುಡುಗಿಯರಿಗೂ ಸಿಪ್ಪೆ ಸುಲಿಯಲು ಕಲಿಸುವ ಕೆಲಸ ನನಗೇ ಬಿತ್ತು. ನಮ್ಮ ತೋಟದ ಎಲೆಯೇ. "ಎಳೆಯಬೇಡಿ, ಒರಗಿಸಿ" ಎಂದು ಹೇಳುವಾಗ ನನ್ನ ದನಿ ಅಜ್ಜಿಯ ದನಿಯ ಹಾಗೇ ಕೇಳುತ್ತಿತ್ತಂತೆ.

ಪರೀಕ್ಷೆಯ ದಿನ ಆಂಡಿಪಟ್ಟಿ ಕಡೆಯ ಪರೀಕ್ಷಕರೊಬ್ಬರು ಬಂದರು. ಗಂಟುಮುಖ, ದಪ್ಪ ಕನ್ನಡಕ. ನನ್ನ ಸ್ಲೈಡನ್ನು ನೋಡುತ್ತಿದ್ದವರು ತಲೆ ಎತ್ತಿ ಟೀಚರ ಕಡೆ ತಿರುಗಿದರು.

"ಲೆನ್ಸಿನ ಅಂಚು ಮಬ್ಬಾಗಿದೆಯಲ್ಲ. ಯಾರು ಮಾಡಿದ್ದು? ಉಪಕರಣ ಕೆಡಿಸುವವರಿಗೆ ಅಂಕ ಯಾತಕ್ಕೆ?"

"ಅದು ಹಳೆಯದು ಸಾರ್, ನನ್ನ ಕಾಲೇಜು ದಿನಗಳದ್ದು..." ಎಂದು ಟೀಚರು ಶುರುಮಾಡಿದರು. ನನ್ನ ತಪ್ಪನ್ನು ತಮ್ಮ ಸೆರಗಿನೊಳಗೆ ಮುಚ್ಚಿಕೊಳ್ಳಲು ಹೊರಟಿದ್ದರು, ತಾಯಿ! ಆ ವಾಕ್ಯ ಮುಗಿಯಲು ನಾನು ಬಿಡಲಿಲ್ಲ.

"ನಾನು ಸಾರ್. ನಾನು ಮಾಡಿದ್ದು."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಹೇಗೆ?"

"ವೀಳ್ಯದೆಲೆಯ ಸುಣ್ಣ ತಾಗಿ ಒಣಗಿತು ಸಾರ್. ನಿಂಬೆರಸದಲ್ಲಿ ತೊಳೆದೆವು. ಅಷ್ಟು ಮಾತ್ರ ಉಳಿಯಿತು."

"ತೊಳೆಯುವಾಗ ಗುಳ್ಳೆ ಬಂತಾ?"

"ಬಂತು ಸಾರ್. ಕಾರ್ಬನ್ ಡೈಆಕ್ಸೈಡ್."

ಪರೀಕ್ಷಕರ ಗಂಟುಮುಖ ಸಡಿಲವಾಯಿತು. ಮತ್ತೆ ಬಗ್ಗಿ ನೋಡಿ, "ಸಿಪ್ಪೆ ಚೆನ್ನಾಗಿ ಸುಲಿದಿದ್ದೀಯ. ಯಾರು ಕಲಿಸಿದರು?" ಎಂದರು.

"ನಮ್ಮಜ್ಜಿ ಸಾರ್."

ಅವರು ಏನೋ ಗೀಚಿಕೊಂಡು ಮುಂದಿನ ಹುಡುಗಿಯ ಬಳಿ ಹೋದರು. ನಾನು ಟೀಚರ ಮುಖ ನೋಡುವ ಧೈರ್ಯ ಮಾಡಲಿಲ್ಲ. ಪರೀಕ್ಷೆ ಮುಗಿದು ಎಲ್ಲರೂ ಹೋದ ಮೇಲೆ ಅವರು ನನ್ನನ್ನು ಕರೆದರು. ಮೈಕ್ರೋಸ್ಕೋಪು ಪೆಟ್ಟಿಗೆಯೊಳಗಿತ್ತು. ಕೊರಳ ಸರದಿಂದ ಬೀಗದ ಕೈ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, "ನೀನೇ ಬೀಗ ಹಾಕು" ಎಂದರು. ಬೀಗದ ಕೈ ಬೆಚ್ಚಗಿತ್ತು. ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೋ ಎಂದು ಎರಡು ಸಲ ಎಳೆದು ನೋಡಿದೆ.

ಆ ಬೇಸಿಗೆಯಲ್ಲಿ ಟೀಚರಿಗೆ ಡಿಂಡಿಗಲ್ಲಿಗೇ ವರ್ಗವಾಯಿತು. ಬಸ್ ಸ್ಟ್ಯಾಂಡಿಗೆ ಅಜ್ಜಿಯೂ ಬಂದಳು. ಬಾಳೆಪಟ್ಟೆಯಲ್ಲಿ ಕಟ್ಟಿದ ಒಂದು ಕಟ್ಟು ಎಲೆಯನ್ನು ಕಿಟಕಿಯೊಳಗೆ ಕೊಟ್ಟು, ತಪ್ಪೊಪ್ಪಿಕೊಂಡವಳ ಹಾಗೆ ಮೆಲ್ಲಗೆ ಹೇಳಿದಳು: "ಬರೀ ಎಲೆ ಟೀಚರಮ್ಮ. ಸುಣ್ಣ ಹಚ್ಚಿಲ್ಲ." ಜೀವಮಾನದಲ್ಲಿ ಅವಳು ಬರೀ ಎಲೆ ಕೊಟ್ಟದ್ದು ಅದೊಂದೇ ಸಲ.

ಟೀಚರು ಎಂದೂ ಎಲೆ ಹಾಕಿಕೊಂಡವರಲ್ಲ. ಕಟ್ಟಿನಿಂದ ಒಂದು ಎಲೆ ಎಳೆದು ಅಜ್ಜಿಯ ಕಡೆಗೇ ಚಾಚಿದರು.

"ಬರೀ ಎಲೆ ಕೊಟ್ಟು ಕಳಿಸುತ್ತೀರಾ ಪಾಟಿ? ಸುಣ್ಣ ಹಚ್ಚಿ ಕೊಡಿ."

ಅಜ್ಜಿ ಸೊಂಟದ ಡಬ್ಬಿ ತೆಗೆದಳು, ನಾರೆಳೆದಳು, ಸುಣ್ಣ ಸವರಿದಳು, ಮಡಿಸಿ ಕೊಟ್ಟಳು. ಟೀಚರು ಬಾಯಿಗಿಟ್ಟು, ಖಾರಕ್ಕೆ ಕಣ್ಣು ಮುಚ್ಚಿ, ಉಗುಳದೆ ಜಗಿದರು. ಡಿಂಡಿಗಲ್ ಬಸ್ಸು ಹೊರಟಾಗ ಅವರ ತೊಡೆಯ ಮೇಲೆ ಆ ಮರದ ಪೆಟ್ಟಿಗೆ ಇತ್ತು, ಮಾತಾಡಲಾಗದಷ್ಟು ಬಾಯಿ ತುಂಬಿತ್ತು. ಕೈ ಬೀಸಿದರು.